ಸಾಕಿದ ಜೇಡ ಏಕೆ ಸತ್ತಿತು?

ನಾಯಿ ಸತ್ತ ಮನೆಗೆ ನೆರೆಹೊರೆಯವರು ಬಂದು ಸಮಾಧಾನದ ಮಾತನಾಡಿ ಹೋಗುವುದುಂಟು. ಹಸು ಸತ್ತರಂತೂ ಮನೆಮಂದಿಯೆಲ್ಲ ಕಣ್ಣೀರಿಡುವರು. ಆದರೆ ತಾನು ಸಾಕಿದ ಜೇಡ ಸತ್ತಿತೆಂದು ಒಬ್ಬ ಹುಡುಗ ಮುಖ ಬಾಡಿಸಿಕೊಂಡು ಕುಳಿತರೆ ಅವನ ಪಾಲಿಗೆ ದೊರೆಯುವುದು ನಗೆಯೊಂದೇ. ‘ಜೇಡ ತಾನೆ? ಗುಡಿಸಿ ಆಚೆ ಹಾಕು’ ಎಂದು ಹಿರಿಯರು ಹೇಳಿಯಾರು. ನಮಗೇನೋ ಈ ದುಃಖ ಬಾಲಿಶವೆಂದು ತೋರುವುದಿಲ್ಲ. ತಿಂಗಳುಗಟ್ಟಲೆ ನೀರಿಟ್ಟು, ಮಿಡತೆ ಹಿಡಿದು ತಂದು ಹಾಕಿ, ರಾತ್ರಿ ದೀಪ ತಗ್ಗಿಸಿ ಅದರ ನಡೆಯನ್ನು ಕಾದು ನೋಡಿದವನಿಗೆ ಆ ಪ್ರಾಣಿಯ ಸಾವು ನಷ್ಟವೇ ಸರಿ. ಜೇಡಕ್ಕೆ ತನ್ನನ್ನು ಸಾಕಿದವನ ಮೇಲೆ ಮಮತೆಯಿತ್ತೆಂದು ಹೇಳಲು ಆಧಾರವಿಲ್ಲ. ಹಾಗೆಂದು ಸಾಕಿದವನ ಮಮತೆ ಹುಸಿಯಾಗುವುದೂ ಇಲ್ಲ.

ಕುಮಟೆಯ ಒಬ್ಬ ಕಾಲೇಜು ವಿದ್ಯಾರ್ಥಿಯನ್ನು ಕಲ್ಪಿಸಿಕೊಳ್ಳೋಣ. ಮಳೆಗಾಲದಲ್ಲಿ ಮನೆಯ ಹಿಂದಿನ ಧರೆ ಜರಿದು ಬಿದ್ದಾಗ ಮಣ್ಣಿನ ನಡುವೆ ಅಂಗೈಯಗಲದ ಕಂದು ಜೇಡವೊಂದು ಅವನ ಕಣ್ಣಿಗೆ ಬಿತ್ತು. ಗಾಜಿನ ತೊಟ್ಟಿಯಲ್ಲಿ ಕೆಮ್ಮಣ್ಣು ತುಂಬಿ, ಕರಟದಲ್ಲಿ ನೀರಿಟ್ಟು, ಅದನ್ನು ಸಾಕತೊಡಗಿದ. ಎಂಟು ತಿಂಗಳು ಕಳೆದುವು. ಒಂದು ರಾತ್ರಿ ಎಂದಿನಂತಿದ್ದ ಜೇಡ ಮರುದಿನ ಬೆಳಿಗ್ಗೆ ಎಂಟು ಕಾಲುಗಳನ್ನೂ ಮೈಯ ಅಡಿಗೆ ಮುದುಡಿಕೊಂಡು ಬಿದ್ದಿತ್ತು. ಅದು ನಿಜವಾಗಿಯೂ ಸತ್ತಿದೆಯೆ? ಸತ್ತಿದ್ದರೆ, ನಿನ್ನೆ ಚೆನ್ನಾಗಿದ್ದುದು ಇಂದು ಸಾಯುವುದು ಹೇಗೆ? ತನ್ನಿಂದಲೇ ಸತ್ತಿತೆ? ಈ ಕೊನೆಯ ಪ್ರಶ್ನೆಯೇ ಅವನನ್ನು ಹೆಚ್ಚು ಕಾಡುವುದು. ಸಮಾಧಾನದ ಮಾತಿಗಿಂತ ಇಂತಹ ಪ್ರಶ್ನೆಗೆ ನೇರವಾದ ಉತ್ತರವೇ ಹೆಚ್ಚು ನೆಮ್ಮದಿ ಕೊಡುವುದೆಂದು ನಮ್ಮ ನಂಬಿಕೆ. ಆದುದರಿಂದ ಜೇಡದ ಮೈಯೊಳಗನ್ನು ತುಸು ಇಣಿಕಿ ನೋಡೋಣ.

ಇಲ್ಲಿ ನಾವು ಹೇಳುತ್ತಿರುವುದು ಮಾಡಿನ ಮೂಲೆಯಲ್ಲಿ ಬಲೆ ನೇಯುವ ಮನೆಜೇಡವನ್ನಲ್ಲ. ಟರಾಂಟುಲಾ ಎಂದು ಇಂದು ಲೋಕವೆಲ್ಲ ಕರೆಯುವ, ಮೈತುಂಬ ರೋಮವುಳ್ಳ ದೊಡ್ಡ ಜೇಡಗಳನ್ನು. ಈ ಹೆಸರು ಅವುಗಳಿಗೆ ಬಂದುದು ಒಂದು ತಮಾಷೆಯೇ ಸರಿ. ಇಟಲಿಯ ತಾರಾಂತೋ ಪಟ್ಟಣದ ಸುತ್ತಮುತ್ತ ಇದ್ದ ಬೇರೊಂದು ಬೇಟೆಜೇಡಕ್ಕೆ ಮೊದಲು ಆ ಹೆಸರಿತ್ತು. ಅದು ಕಚ್ಚಿದರೆ ದಣಿಯುವವರೆಗೆ ಕುಣಿದು ವಿಷ ಇಳಿಸಿಕೊಳ್ಳಬೇಕೆಂದು ಅಲ್ಲಿಯ ಜನ ನಂಬಿದ್ದರು. ಮುಂದೆ ಯುರೋಪಿನವರು ಅಮೆರಿಕೆಯ ಕಾಡುಗಳಲ್ಲಿ ರೋಮಮಯವಾದ ದೈತ್ಯ ಜೇಡಗಳನ್ನು ಕಂಡಾಗ ಪರಿಚಯವಿದ್ದ ಹೆಸರನ್ನೇ ಅವಕ್ಕೂ ಅಂಟಿಸಿಬಿಟ್ಟರು. ಪ್ರಾಣಿಶಾಸ್ತ್ರಜ್ಞರು ಇವುಗಳನ್ನು ಥೆರಫೋಸಿಡೀ ಎಂಬ ಕುಟುಂಬಕ್ಕೆ ಸೇರಿಸುವರು. ಅದರಲ್ಲಿ ಸಾವಿರಕ್ಕೆ ಮೇಲ್ಪಟ್ಟು ಜಾತಿಗಳುಂಟು.

ಈ ಕುಟುಂಬಕ್ಕೆ ನಮ್ಮ ಕರಾವಳಿ ಪರಸ್ಥಳವಲ್ಲ. ೧೮೯೯ರಲ್ಲಿ ಆರ್. ಐ. ಪೋಕಾಕ್ ಎಂಬ ಆಂಗ್ಲ ಪ್ರಾಣಿಶಾಸ್ತ್ರಜ್ಞನು ಥ್ರಿಗ್ಮೋಪಿಯಸ್ ಎಂಬ ಹೊಸ ಕುಲವೊಂದನ್ನು ಹೆಸರಿಸಿದ್ದು ಕನ್ನಡ ಜಿಲ್ಲೆಯಿಂದ ದೊರೆತ ಜೇಡಗಳನ್ನು ಪರೀಕ್ಷಿಸಿ. ಮರುವರ್ಷ ಬ್ರಿಟಿಷ್ ಇಂಡಿಯಾದ ಪ್ರಾಣಿವರ್ಗವನ್ನು ಕುರಿತ ಗ್ರಂಥಮಾಲೆಯಲ್ಲಿ ಅವನು ಬರೆದ ಸಂಪುಟ ಹೊರಬಂದಿತು. ಈ ಕುಲದವು ಬಿಲವಾಸಿಗಳು. ಹೆಣ್ಣು ಧರೆಯಲ್ಲಿಯೋ ಬದುವಿನಲ್ಲಿಯೋ ಬಿಲ ತೋಡಿ, ಒಳಗೆಲ್ಲ ರೇಷ್ಮೆಯಂತಹ ನೂಲಿನ ಅಸ್ತರಿ ಕೊಟ್ಟು, ಬಹುಮಟ್ಟಿಗೆ ಜೀವಮಾನವನ್ನೆಲ್ಲ ಅಲ್ಲಿಯೇ ಕಳೆಯುವುದು.

ಭಟ್ಕಳದಿಂದ ಹೊನ್ನಾವರದ ಮೇಲೆ ಕುಮಟೆಯವರೆಗೆ ಪ್ರಯಾಣ ಮಾಡಿದವರು ದಾರಿಯ ಇಕ್ಕೆಲಗಳಲ್ಲಿ ಚಿರೆಕಲ್ಲಿನ ಕೆಂಪು ಧರೆಗಳನ್ನು ನೋಡಿಯೇ ಇರುವರು. ಮಿರ್ಜಾನದ ಕೋಟೆ ಎದ್ದುದು ಈ ಕಲ್ಲಿನಿಂದಲೇ. ೧೮೦೦-೦೧ರಲ್ಲಿ ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳಲ್ಲಿ ಸಂಚಾರ ಮಾಡಿದ ಫ್ರಾನ್ಸಿಸ್ ಬುಕಾನನ್ ಇದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟನು. ಲ್ಯಾಟಿನ್ ಭಾಷೆಯಲ್ಲಿ ಇಟ್ಟಿಗೆಗೆ ಇರುವ ಮಾತಿನಿಂದ ಬಂದ ಹೆಸರು ಅದು. ನೆಲದಿಂದ ಅಗೆದಾಗ ಮೆತ್ತಗಿದ್ದು ಗಾಳಿಗೆ ಒಡ್ಡಿದ ಮೇಲೆ ಬಿರುಸಾಗುವುದು ಈ ಕಲ್ಲಿನ ಗುಣ. ಇಂತಹ ನೆಲದಲ್ಲಿ ತೋಡಿದ ಬಿಲದ ತಳಕ್ಕೆ ಏಪ್ರಿಲಿನ ಉರಿಬಿಸಿಲೂ ಮುಟ್ಟದು. ಮಳೆಗಾಲದಲ್ಲಿ ೩,೦೦೦ ಮಿಲಿಮೀಟರಿಗೂ ಮಿಕ್ಕಿ ಸುರಿಯುವ ಮಳೆಯೂ, ಬಿಲದ ಬಾಯಿ ಇಳಿಜಾರಿನಲ್ಲಿರುವುದರಿಂದ, ಒಳಕ್ಕೆ ನುಗ್ಗದು. ವರ್ಷವಿಡೀ ಅಲ್ಲಿ ಹೆಚ್ಚುಕಡಮೆ ಒಂದೇ ಬಗೆಯ ತಂಪು, ಒಂದೇ ಬಗೆಯ ತೇವ. ಈ ಸಂಗತಿಯನ್ನು ಓದುಗರು ನೆನಪಿಡಬೇಕು, ಮುಂದೆ ಬೇಕಾಗುವುದು.

ಈಗ ಮುದುಡಿದ ಕಾಲುಗಳ ವಿಚಾರ. ನಾವು ಮೊಣಕೈಯನ್ನು ಮಡಿಸಲು ಒಂದು ಸ್ನಾಯುವನ್ನೂ ಚಾಚಲು ಇನ್ನೊಂದನ್ನೂ ಬಳಸುತ್ತೇವೆ. ಜೇಡದ ಕಾಲಿನ ಎರಡು ಮುಖ್ಯ ಕೀಲುಗಳಲ್ಲಿ ಮಡಿಸುವ ಸ್ನಾಯುವೇನೋ ಉಂಟು. ಚಾಚುವ ಸ್ನಾಯುವೇ ಇಲ್ಲ! ಹಾಗಾದರೆ ಅದು ಕಾಲು ಚಾಚುವುದು ಹೇಗೆ? ಮಡಿಸಿ ಇಟ್ಟ ರಬ್ಬರು ಕೊಳವೆಗೆ ನೀರು ಬಿಟ್ಟಾಗ ಅದು ತಾನಾಗಿ ನೆಟ್ಟಗಾಗುವುದನ್ನು ತೋಟಕ್ಕೆ ನೀರುಣಿಸುವವರು ಕಂಡಿರುವರು. ಜೇಡ ಮಾಡುವುದೂ ಅದನ್ನೇ. ಶಿರೋವಕ್ಷವನ್ನು ಒತ್ತಿ ಹಿಡಿದು ರಕ್ತವನ್ನು ಕಾಲಿನೊಳಕ್ಕೆ ನೂಕುವುದು. ಒತ್ತಡಕ್ಕೆ ಕಾಲು ಚಾಚಿಕೊಳ್ಳುವುದು. ಕೇಂಬ್ರಿಜ್‌ನ ಪ್ಯಾರಿ ಮತ್ತು ಬ್ರೌನ್ ಎಂಬ ಇಬ್ಬರು ವಿಜ್ಞಾನಿಗಳು ೧೯೫೯ರಲ್ಲಿ ಒಂದು ಮನೆಜೇಡದ ಕಾಲಿನ ಒತ್ತಡವನ್ನು ಅಳೆದು ಪ್ರಕಟಿಸಿದರು. ಸುಮ್ಮನಿರುವಾಗ ಸುಮಾರು ೫ ಸೆಂಟಿಮೀಟರ್ ಪಾದರಸದಷ್ಟಿದ್ದ ಒತ್ತಡ ಒಮ್ಮೊಮ್ಮೆ ಕ್ಷಣಕಾಲ ೪೦ ಸೆಂಟಿಮೀಟರಿನವರೆಗೆ ಏರುತ್ತಿತ್ತು. ಆರೋಗ್ಯವಂತನಾದ ಮನುಷ್ಯನ ರಕ್ತದೊತ್ತಡದ ಮೇಲಿನ ಅಂಕ ೧೨ ಸೆಂಟಿಮೀಟರೆಂಬುದನ್ನು ನೆನೆದರೆ ಇದರ ಅಗಾಧತೆ ಮನವರಿಕೆಯಾದೀತು.

ಇದರಿಂದ ಒಂದು ಮುಖ್ಯ ವಿಷಯ ಹೊರಡುವುದು. ಜೇಡದ ಮೈಯೊಳಗಿನ ದ್ರವ ಕಡಮೆಯಾದರೆ, ಅಥವಾ ಅದನ್ನು ಒತ್ತುವ ಶಕ್ತಿ ಕುಂದಿದರೆ, ಚಾಚುವ ಬಲ ಇಲ್ಲದಾಗಿ ಮಡಿಸುವ ಸ್ನಾಯುಗಳೇ ಗೆಲ್ಲುವುವು. ಕಾಲುಗಳೆಲ್ಲ ಮೈಯ ಅಡಿಗೆ ಸೇರಿಕೊಳ್ಳುವುವು. ಎಂದರೆ ಮುದುಡುವುದು ಸಾವಿನ ಗುರುತು ಮಾತ್ರವಲ್ಲ, ಒತ್ತಡ ಇಳಿದುದರ ಗುರುತು. ಸತ್ತ ಜೇಡ ಮುದುಡಿರುವುದು ನಿಜ. ಮುದುಡಿದ ಜೇಡವೆಲ್ಲ ಸತ್ತಿರಲೇಬೇಕೆಂದಿಲ್ಲ. ನೀರಿಲ್ಲದೆ ಸೊರಗಿ ಮುದುಡಿದ ಜೇಡದ ಬಾಯಿಯ ಭಾಗ ನೀರಿಗೆ ತಗಲುವಂತೆ ಅದನ್ನು ತಗ್ಗಾದ ತಟ್ಟೆಯ ಅಂಚಿಗೆ ಇರಿಸಿದಾಗ, ಕೆಲವು ಗಂಟೆಗಳಲ್ಲಿ ಅದು ಕಾಲು ಬಿಚ್ಚಿ ಎದ್ದುದುಂಟು. ಆದರೆ ಜೇಡದ ಉಸಿರಾಟದ ಅಂಗಗಳು ಉದರದ ಅಡಿಯಲ್ಲಿರುವುದರಿಂದ ಆ ಭಾಗ ನೀರಿನಲ್ಲಿ ಮುಳುಗಬಾರದು.

ಇದಕ್ಕೆ ವಿರುದ್ಧವಾದ ಇನ್ನೊಂದು ಸ್ಥಿತಿಯುಂಟು. ಅದನ್ನು ತಿಳಿಯದೆ ಎಷ್ಟೋ ಜನರು ಜೀವಂತ ಜೇಡಗಳನ್ನು ಹೂತು ಹಾಕಿರುವರು. ಜೇಡ ಅಂಗಾತನೆ, ಬೆನ್ನು ಕೆಳಗಾಗಿ, ಕಾಲುಗಳನ್ನು ಮೇಲಕ್ಕೆ ಹರಡಿಕೊಂಡು ನಿಶ್ಚಲವಾಗಿ ಮಲಗಿರುವುದು. ನೋಡಿದವರು ‘ಅಯ್ಯೋ, ಸತ್ತಿತು!’ ಎನ್ನುವರು. ವಾಸ್ತವವಾಗಿ ಅದು ಪೊರೆ ಬಿಡುತ್ತಿದೆ. ಸತ್ತ ಜೇಡ ಸಾಮಾನ್ಯವಾಗಿ ನಿಂತಿದ್ದ ಭಂಗಿಯಲ್ಲೇ ಕುಸಿದು ಕಾಲು ಮುದುಡುವುದು. ಪೊರೆ ಬಿಡುವ ಜೇಡ ಮೊದಲೇ ನೂಲಿನ ಹಾಸಿಗೆ ಹಾಸಿ ಅದರ ಮೇಲೆ ಅಂಗಾತ ಮಲಗುವುದು. ಈ ಭೇದವೊಂದನ್ನು ತಿಳಿದಿದ್ದರೆ ಅರ್ಧದಷ್ಟು ಅನಾಹುತ ತಪ್ಪುವುದೆಂದು ಹೇಳಬಹುದು.

ಪೊರೆ ಬಿಡುವ ಕೆಲಸ ಎಷ್ಟು ಕಠಿನವೆಂಬುದು ಹೊರಗಿನಿಂದ ನೋಡುವವರಿಗೆ ತಿಳಿಯದು. ಜೇಡದ ಮೈಮೇಲಿನ ಕವಚ ಬೆಳೆಯುವುದಿಲ್ಲ. ಆದುದರಿಂದ ಹಳೆಯದರ ಅಡಿಯಲ್ಲಿ ಮೆತ್ತನೆಯ ಹೊಸದೊಂದನ್ನು ಸಿದ್ಧಪಡಿಸಿಕೊಂಡು ಹಳೆಯದನ್ನು ಕಳಚಬೇಕು. ಆಗ ಹೃದಯದ ಬಡಿತ ಏರುವುದು; ಉದರದಲ್ಲಿದ್ದ ದ್ರವ ಶಿರೋವಕ್ಷಕ್ಕೆ ನುಗ್ಗುವುದು; ಅದರ ಮೇಲ್ಚಿಪ್ಪು ಡಬ್ಬಿಯ ಮುಚ್ಚಳದಂತೆ ಎದ್ದು ತೆರೆದುಕೊಳ್ಳುವುದು. ಆ ಕಿಂಡಿಯಿಂದ ಎಂಟು ಕಾಲುಗಳನ್ನೂ, ವಿಷದ ಕೋರೆಗಳನ್ನೂ ಕೈಚೀಲದಿಂದ ಬೆರಳುಗಳನ್ನು ಎಳೆದಂತೆ ಒಂದೊಂದಾಗಿ ಎಳೆದುಕೊಳ್ಳಬೇಕು. ಇಷ್ಟೇ ಅಲ್ಲ, ಆಹಾರ ಹೀರುವ ಜಠರದ ಒಳಪೊರೆ, ಉಸಿರಾಟದ ಅಂಗಗಳ ಒಳಪೊರೆ ಇವು ಸಹ ಹಳೆಯ ಕವಚದೊಡನೆ ಕಿತ್ತು ಬರಬೇಕು. ಇಷ್ಟೆಲ್ಲವೂ ದ್ರವದ ಒತ್ತಡದಿಂದಲೇ ನಡೆಯಬೇಕಾದುದರಿಂದ ಮೈಯಲ್ಲಿ ನೀರು ಸಾಲದ ಜೇಡ ಅರ್ಧಕ್ಕೇ ಸಿಕ್ಕಿಕೊಳ್ಳುವುದು. ಕಾಲುಗಳು ಹೊರಬಂದು ಜಠರದ ಪೊರೆ ಬಾರದೆ ಹೋದರೆ ಜೇಡ ಮೇಲುನೋಟಕ್ಕೆ ಸುಖವಾಗಿಯೇ ಇದ್ದು, ತಿನ್ನಲಾರದೆ ವಾರಗಳಾದ ಮೇಲೆ ‘ಹಠಾತ್ತಾಗಿ’ ಸಾಯುವುದು. ಪೊರೆ ಬಿಟ್ಟ ಹೊಸತರಲ್ಲಿ ಅದರ ಕೋರೆಗಳು ಬೆಳ್ಳಗೆ ಮೆತ್ತಗಿರುವುವು. ಆಗ ತೊಟ್ಟಿಯಲ್ಲಿ ಒಂದು ಚಿಮ್ಮಂಡೆಯನ್ನೋ ಜಿರಲೆಯನ್ನೋ ಬಿಟ್ಟಿದ್ದರೆ ಆಹಾರವೇ ಜೇಡವನ್ನು ಕಡಿದು ಕೊಂದೀತು. ಪೊರೆ ಬಿಡುವ ಮುನ್ನ ಜೇಡ ವಾರಗಟ್ಟಲೆ, ಕೆಲವು ವೇಳೆ ತಿಂಗಳುಗಟ್ಟಲೆ ತಿನ್ನದಿರುವುದು ಸಹಜ. ಹಸಿದಿದೆಯೆಂದು ಬಗೆದು ಹುಳುಗಳನ್ನು ಬಿಡುತ್ತಲೇ ಹೋಗುವುದು ಪ್ರೀತಿಯಿಂದ ಮಾಡುವ ಕೇಡು.

ಇನ್ನು ಗಂಡು ಜೇಡಗಳ ಕಥೆ. ಸಾಕಿದವರು ತಮ್ಮನ್ನು ತಾವೇ ಅನ್ಯಾಯವಾಗಿ ಹಳಿದುಕೊಳ್ಳುವುದು ಇಲ್ಲಿಯೇ ಹೆಚ್ಚು. ಟರಾಂಟುಲಾಗಳಲ್ಲಿ ಹೆಣ್ಣು ಇಪ್ಪತ್ತು ವರ್ಷ, ಅದಕ್ಕೂ ಹೆಚ್ಚು ಬದುಕುವ ಜಾತಿಗಳುಂಟು. ಗಂಡಿನ ಆಯುಸ್ಸು ಹಾಗಲ್ಲ. ಅದು ಪ್ರಾಯಕ್ಕೆ ಬರುವಾಗ ಒಂದು ಕೊನೆಯ ಪೊರೆ ಬಿಡುವುದು. ಆಗ ಬಾಯಿಯ ಪಕ್ಕದ ಎರಡು ಸ್ಪರ್ಶಾಂಗಗಳ ತುದಿ ದುಂಡಗೆ ಗುಬುಟಿನಂತಾಗುವುದು. ಆ ಮೇಲೆ ಅದು ಬಿಲವನ್ನು ತೊರೆದು, ಊಟದ ಕಡೆ ಹೆಚ್ಚು ಗಮನ ಕೊಡದೆ, ಹೆಣ್ಣನ್ನು ಹುಡುಕುತ್ತ ಅಲೆಯುವುದು. ಕೆಲವು ತಿಂಗಳು, ಬಹಳವಾದರೆ ಒಂದೆರಡು ವರ್ಷ ಬದುಕಿ ಸಾಯುವುದು. ರಾತ್ರಿ ಜಗಲಿಯ ಮೇಲೋ ಬಚ್ಚಲಿನ ಗೋಡೆಯ ಮೇಲೋ ಕಾಣಿಸಿಕೊಳ್ಳುವ ದೊಡ್ಡ ಜೇಡ ಅನೇಕ ವೇಳೆ ಇಂತಹ ಅಲೆಮಾರಿ ಗಂಡೇ ಆಗಿರುವುದು, ಹೆಣ್ಣು ಬಿಲ ಬಿಟ್ಟು ಹೊರಡುವುದು ಅಪರೂಪವಾದುದರಿಂದ. ಅಂತಹುದನ್ನು ಹಿಡಿದು ಸಾಕಿದವನು ತನಗೆ ತಿಳಿಯದೆಯೇ ಮುದುಕನೊಬ್ಬನನ್ನು ಮನೆಗೆ ಕರೆತಂದಂತಾಯಿತು. ಎಷ್ಟು ಚೆನ್ನಾಗಿ ನೋಡಿಕೊಂಡರೂ ಅದು ಹೆಚ್ಚು ಕಾಲ ಉಳಿಯದು. ಆ ಸಾವಿಗೆ ಯಾರೂ ಹೊಣೆಯಲ್ಲ.

ನೀರಡಿಕೆ ಮತ್ತು ಸೆಕೆಗಳ ಸಂಗತಿ ಬೇರೆ. ಟರಾಂಟುಲಾದ ಉದರದ ಅಡಿಯಲ್ಲಿ ಎರಡು ಜೊತೆ ಪುಸ್ತಕ ಶ್ವಾಸಕೋಶಗಳಿವೆ. ಪುಸ್ತಕದ ಹಾಳೆಗಳಂತೆ ಒಂದರ ಮೇಲೊಂದು ಜೋಡಿಸಿದ ತೆಳುಪದರಗಳಾದುದರಿಂದ ಈ ಹೆಸರು. ಹಾಳೆಗಳ ನಡುವೆ ಗಾಳಿಯಾಡುವುದು. ಹಾಳೆಗಳೊಳಗೆ ಹರಿಯುವ ರಕ್ತಕ್ಕೆ ಆಮ್ಲಜನಕ ಸಿಕ್ಕುವುದು. (ಈ ರಕ್ತದಲ್ಲಿ ನಮ್ಮಲ್ಲಿರುವಂತೆ ಕಬ್ಬಿಣದ ಹೀಮೋಗ್ಲೋಬಿನ್ ಇಲ್ಲ, ತಾಮ್ರದಿಂದಾದ ಹೀಮೋಸಯನಿನ್ ಉಂಟು. ಆದುದರಿಂದ ಅದು ಕೆಂಪಲ್ಲ, ತಿಳಿನೀಲಿ.) ಗಾಳಿಯಾಡುವಲ್ಲಿ ತೇವ ಆರುವುದು ಸಹಜ. ಬಿಲದಲ್ಲಿ ಇದರಿಂದ ತೊಂದರೆಯಿಲ್ಲವೆಂಬುದನ್ನು ಮೇಲೆ ಹೇಳಿದೆವು. ಹೊನ್ನಾವರದ ಮೇ ತಿಂಗಳಿನಲ್ಲಿ ತಗಡಿನ ಮಾಡಿನ ಕೆಳಗೆ, ಕಿಟಕಿಯ ಬಿಸಿಲು ತಾಗುವ ಗಾಜಿನ ತೊಟ್ಟಿಯೊಳಗೆ ಏನಾಗುವುದೆಂದು ಊಹಿಸಿಕೊಳ್ಳಿರಿ! ಬಿಲವಿದ್ದರೆ ಜೇಡ ಇನ್ನಷ್ಟು ಕೆಳಕ್ಕೆ ಇಳಿಯುತ್ತಿತ್ತು. ನಾಲ್ಕು ಬೆರಳು ಮಣ್ಣಿರುವ ತೊಟ್ಟಿಯಲ್ಲಿ ಇಳಿಯುವುದೆಲ್ಲಿಗೆ? ಜುಲೈಯಲ್ಲಿ ಇದರ ವಿಪರೀತ. ಮುಚ್ಚಳ ಬಿಗಿದ ತೊಟ್ಟಿಯಲ್ಲಿ ಗಾಳಿಯಾಡದೆ, ತಿಂದುಳಿದ ಹುಳುಗಳು ಕೊಳೆತು, ಬೂಸ್ಟು ಹಿಡಿಯುವುದು. ನಮ್ಮ ಕರಾವಳಿಯಲ್ಲಿ ಜೇಡ ಸಾಕುವವನು ಎರಡು ಋತುಗಳಲ್ಲಿ ಎರಡು ಬಗೆಯ ಎಚ್ಚರ ವಹಿಸಬೇಕು.

ಬಿದ್ದು ಸಾಯುವ ಜೇಡಗಳೂ ಉಂಟು. ಜೇಡದ ಉದರ ತೆಳುಚರ್ಮದ ಚೀಲ. ದೇಹ ಭಾರವಾದ ಬಿಲವಾಸಿ ಜೇಡ ಗಾಜನ್ನು ಏರಿ ಎರಡಡಿ ಎತ್ತರದಿಂದ ಬಿದ್ದರೂ ಅದು ಒಡೆದು ರಕ್ತ ಸೋರಿಹೋದೀತು. ತುಂಬ ತಿನ್ನಿಸಿ ಉದರ ಉಬ್ಬಿಸಿದ ಜೇಡಕ್ಕಂತೂ ಈ ಅಪಾಯ ಹೆಚ್ಚು. ಕಾಲು ಮುರಿದರೆ ಮುಂದಿನ ಪೊರೆಯೊಡನೆ ಹೊಸದು ಮೂಡೀತು. ಒಡೆದ ಉದರಕ್ಕೆ ಅಂತಹ ಅವಕಾಶವಿಲ್ಲ. ಸ್ನೇಹಿತರಿಗೆ ತೋರಿಸಲೆಂದು ಜೇಡವನ್ನು ಅಂಗೈಯ ಮೇಲೆ ಬಿಟ್ಟುಕೊಳ್ಳುವ ಚಪಲ ಎಷ್ಟೋ ಜೇಡಗಳ ಪ್ರಾಣಕ್ಕೆ ಎರವಾಗಿದೆ. ಅದರ ಕಡಿತದಿಂದ ಕೈಯೂ ಬಾಧೆಪಡುವುದು.

ಎಲ್ಲಕ್ಕಿಂತ ಗುಟ್ಟಾದ ಮೃತ್ಯು ಕೀಟನಾಶಕ. ಸೊಳ್ಳೆಗಾಗಿ ನಾವು ಹೊತ್ತಿಸುವ ಬತ್ತಿಗಳಲ್ಲಿಯೂ, ವಿದ್ಯುತ್ತಿನಿಂದ ಕಾಯಿಸುವ ದ್ರವಗಳಲ್ಲಿಯೂ ಇರುವುದು ಪೈರೆಥ್ರಾಯ್ಡ್ ಜಾತಿಯ ವಿಷಗಳು. ನರತಂತುಗಳಲ್ಲಿ ಸೋಡಿಯಂ ಒಳಕ್ಕೆ ಬರುವ ದ್ವಾರಗಳಿವೆ. ಈ ವಿಷ ತಗಲಿದಾಗ ತೆರೆದ ದ್ವಾರ ಮುಚ್ಚಿಕೊಳ್ಳುವುದಿಲ್ಲ. ನರ ಒಂದೇ ಸಮನೆ ಮಿಡಿಯುವುದು. ಪ್ರಾಣಿ ನಡುಗುವುದು, ತಡವರಿಸುವುದು, ಕೊನೆಗೆ ಸೋಲುವುದು. ನಮ್ಮ ದೇಹ ಅಲ್ಪ ಪ್ರಮಾಣದ ಈ ವಿಷವನ್ನು ಬೇಗ ಒಡೆದು ಹಾಕಬಲ್ಲುದು. ಕೀಟಕ್ಕೂ ಜೇಡಕ್ಕೂ ಅಷ್ಟು ಸಾಮರ್ಥ್ಯವಿಲ್ಲ. ಮುಚ್ಚಿದ ಕೋಣೆಯಲ್ಲಿ ರಾತ್ರಿಯೆಲ್ಲ ಸೊಳ್ಳೆಬತ್ತಿ ಉರಿಸಿ, ಅದೇ ಕೋಣೆಯಲ್ಲಿ ಜೇಡವನ್ನಿಟ್ಟರೆ ಬೆಳಗಾಗುವಾಗ ಅದು ಸತ್ತಿದ್ದರೆ ಆಶ್ಚರ್ಯವೇನು? ಔಷಧಿ ಹೊಡೆದ ಗದ್ದೆ ತೋಟಗಳಿಂದ ಹಿಡಿದು ತಂದ ಮಿಡತೆಯ ಮೂಲಕವೂ ವಿಷ ತಲಪುವುದು.

ಒಳಗೇ ಬೆಳೆಯುವ ಶತ್ರುಗಳೂ ಇವೆ. ಸಣ್ಣತಲೆಯ ಒಂದು ಬಗೆಯ ನೊಣದ ಮರಿ ಜೇಡದ ಮೈಯೊಳಗೆ ಹೊಕ್ಕು, ಉಸಿರಾಟದ ಅಂಗದ ಬಳಿ ತಂಗಿ, ವರ್ಷಗಟ್ಟಲೆ ಸುಮ್ಮನಿದ್ದು, ಒಂದು ದಿನ ಒಳಗನ್ನೆಲ್ಲ ತಿಂದು ಹೊರಬೀಳುವುದು. ಅಮೆರಿಕೆಯ ಲಾಸ್ ಏಂಜಲೀಸಿನಲ್ಲಿ ಟರಾಂಟುಲಾಗಳನ್ನು ಮಾರಾಟಕ್ಕಾಗಿ ಬೆಳೆಸುತ್ತಿದ್ದವರೊಬ್ಬರು ೨೦೧೮ರಲ್ಲಿ ತಮ್ಮ ಜೇಡಗಳ ಬಾಯಿಯ ಬಳಿ ಬೆಳ್ಳಗೆ ಏನೋ ಅಂಟಿಕೊಂಡು ಅವು ಸಾಯುತ್ತಿರುವುದನ್ನು ಗಮನಿಸಿದರು. ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ರಿವರ್‌ಸೈಡ್ ಶಾಖೆಯಲ್ಲಿ ಆಡ್ಲರ್ ಡಿಲ್ಮನ್ ಮತ್ತು ಸಂಗಡಿಗರು ಪರೀಕ್ಷಿಸಿದಾಗ ಅದು ಸೂಕ್ಷ್ಮವಾದ ದುಂಡುಹುಳುಗಳ ರಾಶಿಯೆಂದು ತಿಳಿಯಿತು. ೨೦೨೨ರಲ್ಲಿ ಅದಕ್ಕೆ ನಾಮಕರಣವಾಯಿತು. ಜೇಡಗಳನ್ನು ಕುರಿತ ಒಂದು ಭಯಾನಕ ಚಲನಚಿತ್ರದಲ್ಲಿ ನಾಯಕನಾಗಿದ್ದ ಜೆಫ್ ಡೇನಿಯಲ್ಸ್ ಎಂಬ ನಟನ ಹೆಸರನ್ನು ಆ ಹುಳುವಿಗೆ ಇಟ್ಟರು! ಹುಳುಗಳು ಸೇರಿದ ಜೇಡ ಸ್ಪರ್ಶಾಂಗಗಳನ್ನು ಆಡಿಸಲಾರದು, ಕಾಲಿನ ತುದಿಯ ಮೇಲೆ ನಿಂತಂತೆ ವಿಚಿತ್ರವಾಗಿ ನಡೆಯುವುದು, ತಿನ್ನಲಾರದು. ಜೇಡಗಳು ಎಷ್ಟೋ ದಿನ ಉಪವಾಸವಿರುವುದು ವಾಡಿಕೆಯಾದುದರಿಂದ ಯಾರಿಗೂ ಅನುಮಾನ ಬಾರದು. ತಿಂಗಳುಗಳಾದ ಮೇಲೆ ಅದು ಹಸಿವಿನಿಂದ ಸಾಯುವುದು.

ಈ ಉದಾಹರಣೆಗಳನ್ನೆಲ್ಲ ಜೊತೆಗಿಟ್ಟು ನೋಡಿದರೆ ಒಂದು ಮಾತು ಹೊಳೆಯುವುದು. ಬೀಳುವುದು, ವಿಷ ತಗಲುವುದು ಇವೆರಡನ್ನು ಬಿಟ್ಟರೆ ‘ಹಠಾತ್ ಮರಣ’ಗಳಲ್ಲಿ ಹಠಾತ್ತಾದುದು ಕಡಮೆ. ವಾರಗಳಿಂದ ನಡೆದು ಬಂದುದು ಒಂದು ಬೆಳಿಗ್ಗೆ ನಮ್ಮ ಕಣ್ಣಿಗೆ ಬೀಳುವುದು, ಅಷ್ಟೇ. ನಾಯಿ ನರಳುವುದು, ಹಸು ಮೇವು ಬಿಡುವುದು. ಜೇಡಕ್ಕೆ ದನಿಯಿಲ್ಲ, ಮುಖಭಾವವಿಲ್ಲ. ಅಲುಗದೆ ಕೂಡುವುದೂ ಉಪವಾಸವಿರುವುದೂ ಅದರ ಆರೋಗ್ಯದ ಲಕ್ಷಣಗಳೇ. ರೋಗದ ಲಕ್ಷಣಗಳೂ ಅವೇ ಆದಾಗ ನುರಿತವರೂ ಮೋಸಹೋಗುವರು.

ಪಶ್ಚಿಮ ಆಸ್ಟ್ರೇಲಿಯದಲ್ಲಿ ನಡೆದ ಒಂದು ಪ್ರಸಂಗವನ್ನು ಇಲ್ಲಿ ಹೇಳಬೇಕು. ೧೯೭೪ರಲ್ಲಿ ಬಾರ್ಬರಾ ಯಾರ್ಕ್ ಮೇನ್ ಎಂಬ ಪ್ರಾಣಿಶಾಸ್ತ್ರಜ್ಞೆ ಅಲ್ಲಿಯ ಒಂದು ಕಾಯ್ದಿಟ್ಟ ಕುರುಚಲು ಕಾಡಿನಲ್ಲಿ, ಬಿಲಕ್ಕೆ ಮುಚ್ಚಳ ಮಾಡಿಕೊಂಡು ಬದುಕುವ ಒಂದು ಜೇಡವನ್ನು ಅಭ್ಯಸಿಸತೊಡಗಿದರು. ಇದು ಟರಾಂಟುಲಾ ಅಲ್ಲ, ಅದರ ದಾಯಾದಿ. ಪ್ರತಿ ಬಿಲದ ಪಕ್ಕದಲ್ಲಿಯೂ ಸಂಖ್ಯೆಯ ಗುರುತು ನೆಟ್ಟು ವರ್ಷವರ್ಷವೂ ಹೋಗಿ ನೋಡಿ ಬರುತ್ತಿದ್ದರು. ಹದಿನಾರನೆಯ ಸಂಖ್ಯೆಯ ಹೆಣ್ಣು ಆ ಬಿಲವನ್ನು ಎಂದೂ ಬದಲಿಸಲಿಲ್ಲ. ಮೇನ್ ಅವರು ವೃದ್ಧರಾದ ಮೇಲೆ ಕೆಲಸವನ್ನು ಕಿರಿಯರು ಮುಂದುವರಿಸಿದರು. ೨೦೧೬ರ ಅಕ್ಟೋಬರಿನಲ್ಲಿ ಲಿಯಾಂಡಾ ಮೇಸನ್ ಎಂಬ ಸಂಶೋಧಕಿ ಹೋದಾಗ ಹದಿನಾರರ ಬಿಲದ ಮುಚ್ಚಳದಲ್ಲಿ ಒಂದು ತೂತು ಇತ್ತು, ಬಿಲ ಪಾಳುಬಿದ್ದಿತ್ತು. ಪರೋಪಜೀವಿಯಾದ ಕಣಜವೊಂದು ಮುಚ್ಚಳವನ್ನು ಕೊರೆದು ಒಳಹೊಕ್ಕಿತ್ತು. ಇಂತಹ ಕಣಜ ಜೇಡವನ್ನು ಚುಚ್ಚಿ ಮರಗಟ್ಟಿಸಿ ಅದರ ಮೇಲೆ ಮೊಟ್ಟೆಯಿಡುವುದು. ಮರಿ ಅದನ್ನು ತಿಂದು ಬೆಳೆಯುವುದು. ಜೇಡಕ್ಕೆ ಆಗ ೪೩ ವರ್ಷ. ಜೇಡಗಳಲ್ಲಿ ಅಷ್ಟು ಕಾಲ ಬದುಕಿದುದು ಮತ್ತೊಂದು ದಾಖಲೆಯಲ್ಲಿಲ್ಲ. ಈ ಸಂಗತಿ ೨೦೧೮ರಲ್ಲಿ ಪ್ರಕಟವಾದಾಗ ಜಗತ್ತಿನ ಪತ್ರಿಕೆಗಳೆಲ್ಲ ಒಂದು ಜೇಡದ ಮರಣವಾರ್ತೆಯನ್ನು ಅಚ್ಚುಹಾಕಿದುವು. ಮೇನ್ ಅವರು ೨೦೧೯ರಲ್ಲಿ ತೀರಿಕೊಂಡರು. ನಾಲ್ಕು ದಶಕಗಳ ಶ್ರದ್ಧೆಯಿಂದ ನೋಡಿಕೊಂಡ ಜೇಡವೂ ಯಾರೂ ನೋಡದ ಒಂದು ದಿನ ಸತ್ತಿತೆಂಬುದನ್ನು ನಮ್ಮ ಕುಮಟೆಯ ವಿದ್ಯಾರ್ಥಿ ನೆನೆಯಬಹುದು.

ಹಾಗಾದರೆ ಅವನ ತಪ್ಪು ಏನೂ ಇಲ್ಲವೆ? ಇಲ್ಲವೆಂದು ಸುಮ್ಮನೆ ಬೆನ್ನು ತಟ್ಟುವುದು ನಮಗೆ ಒಪ್ಪಿಗೆಯಾಗದು. ಕರಟದಲ್ಲಿ ನೀರು ಆರಿತ್ತೆ, ಆ ರಾತ್ರಿ ಸೊಳ್ಳೆಬತ್ತಿ ಉರಿದಿತ್ತೆ, ಪೊರೆ ಬಿಟ್ಟು ಎಷ್ಟು ದಿನವಾಗಿತ್ತು, ಸ್ಪರ್ಶಾಂಗದ ತುದಿ ದುಂಡಗಿತ್ತೆ ಎಂಬುದನ್ನು ಅವನು ವಿಚಾರಿಸಬೇಕು. ತಪ್ಪು ಕಂಡರೆ ಅದಕ್ಕೆ ಒಂದು ಹೆಸರು ಸಿಕ್ಕುವುದು, ಮತ್ತೆ ಮಾಡದಿರಬಹುದು. ಕಾಣದಿದ್ದರೆ ‘ನಾನು ಏನೋ ಮಾಡಿಬಿಟ್ಟೆ’ ಎಂಬ ಗೊತ್ತುಗುರಿಯಿಲ್ಲದ ಕೊರಗು ನಿಲ್ಲುವುದು. ಇದಕ್ಕಾಗಿ ಸಾಕುವವನ ಬಳಿ ಒಂದು ಪುಟ್ಟ ಪುಸ್ತಕವಿರಬೇಕು; ಪೊರೆ ಬಿಟ್ಟ ದಿನ, ತಿಂದ ದಿನ, ಕೋಣೆಯ ಸೆಕೆ ಇವನ್ನು ಅದರಲ್ಲಿ ಬರೆದಿಟ್ಟಿರಬೇಕು. ಸಾವಿನ ದಿನ ನೆನಪು ದುಃಖದಿಂದ ಕದಡಿರುವುದು, ಪುಸ್ತಕ ಕದಡುವುದಿಲ್ಲ.

ಸತ್ತುದರ ಬದಲು ಇನ್ನೊಂದನ್ನು ತರುವ ಆತುರವನ್ನು ಮಾತ್ರ ನಾವು ತಡೆಯಬಯಸುತ್ತೇವೆ. ಧರೆಯಲ್ಲಿ ಹತ್ತು ಬಿಲಗಳು ಕಂಡುವೆಂದು ಒಂದನ್ನು ಅಗೆದರೆ ನಷ್ಟವೇನೆಂದು ತೋರಬಹುದು. ಬಿಲದ ಹೆಣ್ಣು ಅಲ್ಲಿ ಬೇರೂರಿ ಹತ್ತು ಹದಿನೈದು ವರ್ಷಗಳಾಗಿರಬಹುದು. ಮರಿಗಳು ತಾಯಿಯ ಬಿಲದಿಂದ ಬಹುದೂರ ಹೋಗುವುದಿಲ್ಲವಾದುದರಿಂದ ಒಂದು ಧರೆಯ ಸಂತತಿ ಅಳಿದರೆ ಅದು ಮತ್ತೆ ತುಂಬುವುದು ಬಹು ನಿಧಾನ. ರಾಷ್ಟ್ರೀಯ ಹೆದ್ದಾರಿ ೬೬ನ್ನು ಅಗಲ ಮಾಡುವಾಗ ಈ ಮೂರು ತಾಲ್ಲೂಕುಗಳಲ್ಲಿ ಕಡಿದುಹೋದ ಗುಡ್ಡಗಳೇ ಸಾಕಷ್ಟಿವೆ. ಮರದ ಪೊಟರೆಗಳಲ್ಲಿ ವಾಸಿಸುವ, ಚಿತ್ತಾರದ ಮೈಯ ಪೀಸಿಲೋಥೀರಿಯಾ ಕುಲದ ಟರಾಂಟುಲಾಗಳು ಪಶ್ಚಿಮ ಘಟ್ಟದಲ್ಲಿಯೂ ಇವೆ. ಅವುಗಳ ವ್ಯಾಪಾರ ಹೆಚ್ಚಿದುದರಿಂದ ೨೦೧೯ರಲ್ಲಿ ಆ ಇಡೀ ಕುಲವನ್ನು ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಎರಡನೆಯ ಅನುಬಂಧ ಸೇರಿಸಿತು. ೨೦೨೨ರಲ್ಲಿ ತಿದ್ದುಪಡಿಯಾದ ನಮ್ಮ ವನ್ಯಜೀವಿ ಕಾಯಿದೆ ಅಂತಹ ಪ್ರಾಣಿಗಳನ್ನು ಇರಿಸಿಕೊಳ್ಳುವುದಕ್ಕೆ ಕಟ್ಟುಪಾಡು ವಿಧಿಸಿದೆ. ಜೇಡದ ನಡೆನುಡಿ ಅರಿಯಬೇಕೆನ್ನುವವರಿಗೆ ಮೇನ್ ಅವರ ದಾರಿಯಿದೆ. ಧರೆಯ ಬಿಲಕ್ಕೊಂದು ಸಂಖ್ಯೆಯ ಕಡ್ಡಿ ನೆಟ್ಟು, ಸಂಜೆಯ ಹೊತ್ತು ದೀಪ ಹಿಡಿದು ಹೋಗಿ ನೋಡಬಹುದು.

ಸತ್ತ ಜೇಡವನ್ನು ಏನು ಮಾಡಬೇಕೆಂಬುದು ಉಳಿಯಿತು. ಮೊದಲು ಒಂದು ಹಗಲು ಒಂದು ರಾತ್ರಿ ಅದನ್ನು ಅಲುಗಿಸದೆ ಬಿಡಬೇಕು. ಕೊಳೆತ ವಾಸನೆ ಬಂದರೆ ಸಂದೇಹ ಉಳಿಯುವುದಿಲ್ಲ. ಭೂತಗನ್ನಡಿಯಿಂದ ಬಾಯಿಯ ಬಳಿ ನೋಡಬೇಕು. ಬೆಳ್ಳಗೆ ಏನಾದರೂ ಕಂಡರೆ ತೊಟ್ಟಿಯ ಮಣ್ಣನ್ನು ಚೆಲ್ಲಿ, ತೊಟ್ಟಿಯನ್ನೂ ಚಿಮಟವನ್ನೂ ಕುದಿನೀರಿನಿಂದ ತೊಳೆಯದೆ ಬೇರೆ ಜೇಡದ ಬಳಿಗೆ ಒಯ್ಯಬಾರದು. ಹೂಳಬೇಕೆನಿಸಿದವರು ತೆಂಗಿನ ಬುಡದಲ್ಲಿ ಹೂಳಬಹುದು. ಕೊಳೆಯುವ ಮುನ್ನವೇ ಸಾವು ಖಚಿತವಾದರೆ, ನೂರಕ್ಕೆ ಎಪ್ಪತ್ತು ಪಾಲಿನ ಮದ್ಯಸಾರವಿರುವ ಅಗಲಬಾಯಿಯ ಸೀಸೆಯಲ್ಲಿ ಅದನ್ನಿಟ್ಟು ಹತ್ತಿರದ ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗಕ್ಕೆ ಕೊಡುವುದು ಇನ್ನೂ ಮೇಲು. ಸೀಸೆಯ ಒಳಗೆ, ಹೊರಗಲ್ಲ, ಪೆನ್ಸಿಲಿನಿಂದ ಬರೆದ ಚೀಟಿಯೊಂದಿರಬೇಕು. ಶಾಯಿ ಮದ್ಯಸಾರದಲ್ಲಿ ಕರಗುವುದು. ಸಿಕ್ಕಿದ ಊರು, ಧರೆಯೋ ಮರವೋ ಎಂಬ ವಿವರ, ಸಿಕ್ಕಿದ ದಿನ, ಸತ್ತ ದಿನ ಇಷ್ಟನ್ನು ಅದರಲ್ಲಿ ಬರೆದರೆ ಸಾಕು.